ಮಿಷನ್ನಿಗೇ ಜ್ವರ ಬಂದರೆ: ಹವಾಮಾನ ಕೇಂದ್ರದಲ್ಲಿ ಸೆನ್ಸರ್ ಕೂರಿಸುವುದು ಹೇಗೆ

ಮೊದಲ ಸಲ ನಾನು ಹವಾಮಾನದ ಸೆನ್ಸರ್, ಅಂದರೆ ಗಾಳಿಯ ಬಿಸಿ ಮತ್ತು ತೇವಾಂಶ ಅಳೆಯುವ ಪುಟ್ಟ ಉಪಕರಣ, ಕೂರಿಸಿದ್ದು ಮನೆಯ ಅಂಗಳದ ಗೋಡೆಗೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಗೋಡೆಯಲ್ಲಾದರೆ ಪ್ಲಗ್ ಪಾಯಿಂಟ್ ಹತ್ತಿರ, ವೈಫೈ ಸಿಗುತ್ತದೆ, ಸೂರಿನ ಕೆಳಗೆ ಇರುವುದರಿಂದ ಮಳೆಯೂ ಬಡಿಯುವುದಿಲ್ಲ. ಇನ್ನೇನು ಬೇಕು? ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅದು 43 ಡಿಗ್ರಿ ತೋರಿಸಿತು. ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ ಅಪ್ಪಯ್ಯ ಮೊಬೈಲಿಗೆ ಇಣುಕಿ, "ನಿನ್ನ ಮಿಷನ್ನಿಗೇ ಜ್ವರ ಬಂದಿರಬೇಕು ಮಾರಾಯ" ಅಂದರು.

ತಮಾಷೆಗೆ ಅಂದದ್ದು. ಆದರೆ ವಿಷಯದ ತಿರುಳೇ ಅದು. ಸೆನ್ಸರ್ ಎಷ್ಟೇ ದುಬಾರಿಯದ್ದಾಗಿರಲಿ, ಅದಕ್ಕೆ ಗೊತ್ತಿರುವುದು ತನ್ನ ಮೈಬಿಸಿ ಒಂದೇ. ಗಾಳಿಯ ಬಿಸಿ ಅದಕ್ಕೆ ನೇರವಾಗಿ ಗೊತ್ತಿಲ್ಲ. ಅದರ ಮೈಬಿಸಿಯೂ ಸುತ್ತಲಿನ ಗಾಳಿಯ ಬಿಸಿಯೂ ಒಂದೇ ಆಗುವ ಹಾಗೆ ನೋಡಿಕೊಳ್ಳುವುದು ಕೂರಿಸುವವರ ಕೆಲಸ. ಜಾಗ ಆರಿಸುವುದು, ಬಿಸಿಲು ಮಳೆ ತಾಗದ ಗೂಡು ಕಟ್ಟುವುದು, ಕೇಬಲ್ ಎಳೆಯುವುದು ಎಲ್ಲವೂ ಇದಕ್ಕಾಗಿಯೇ.

ಇದು ನನ್ನಂಥ ಮನೆಮಟ್ಟದವರ ಪಾಡು ಮಾತ್ರ ಅಂದುಕೊಳ್ಳಬೇಡಿ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ನಮ್ಮ ದೇಶದ ದಾಖಲೆ ಇರುವುದು ರಾಜಸ್ಥಾನದ ಫಲೋಡಿಯ ಹೆಸರಲ್ಲಿ: 2016ರ ಮೇ 19ರಂದು 51 ಡಿಗ್ರಿ. ಅದನ್ನೂ ಮೀರಿಸಿಬಿಟ್ಟಿತು ಅಂತ ದೊಡ್ಡ ಸುದ್ದಿಯಾಯಿತು. ಆದರೆ ಅದೇ ದಿನ ದೆಹಲಿಯ ಬೇರೆ ಬೇರೆ ಕಡೆ ಇದ್ದದ್ದು 45.2ರಿಂದ 49.1 ಡಿಗ್ರಿ. ಒಂದೇ ಊರಲ್ಲಿ ಇಷ್ಟು ವ್ಯತ್ಯಾಸವೇ? ಹವಾಮಾನ ಇಲಾಖೆಯವರು ಹೋಗಿ, ಪಕ್ಕದಲ್ಲಿ ತಮ್ಮ ಪ್ರಮಾಣಿತ ಉಪಕರಣ ಇಟ್ಟು ನೋಡಿದರು. ಆ ಸೆನ್ಸರ್ 3 ಡಿಗ್ರಿ ಜಾಸ್ತಿ ಹೇಳುತ್ತಿತ್ತು.

ಹಾಗಾದರೆ ಬೇಡದ ಬಿಸಿ ಎಲ್ಲಿಂದ ಬರುತ್ತದೆ? ನನ್ನ ಗೋಡೆಯ ಕಥೆಯನ್ನೇ ಬಿಡಿಸಿ ನೋಡೋಣ. ಒಂದು, ಸಂಜೆ ಬಿಸಿಲು ನೇರ ಸೆನ್ಸರಿನ ಮೇಲೆ ಬೀಳುತ್ತಿತ್ತು. ಎರಡು, ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಕಾದು, ಕಾವಲಿ ಹಾಗೆ ಬಿಸಿ ಉಗುಳುತ್ತಿತ್ತು. ಕತ್ತಲಾದ ಮೇಲೂ ಬಹಳ ಹೊತ್ತು ಅದರ ಕಾವು ಇಳಿಯುತ್ತಿರಲಿಲ್ಲ. ಮೂರು, ಸಿಮೆಂಟಿನ ಅಂಗಳದಿಂದ ಬಿಸಿಲು ಮೇಲಕ್ಕೆ ಪ್ರತಿಫಲಿಸುತ್ತಿತ್ತು. ನಾಲ್ಕನೆಯದು ನನಗೆ ಹೊಳೆಯಲೇ ಇಲ್ಲ. ಅಂಕಿಯನ್ನು ಮೊಬೈಲಿಗೆ ಕಳಿಸುವ ವೈಫೈ ಬೋರ್ಡು ಮತ್ತು ಸೆನ್ಸರ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದ್ದೆ. ಬೋರ್ಡು ತಾನೂ ಬಿಸಿಯಾಗುತ್ತದಲ್ಲ, ಮೊಬೈಲು ಬಿಸಿಯಾದ ಹಾಗೆ. ನಾನು ಅಳೆಯುತ್ತಿದ್ದದ್ದು ಡಬ್ಬಿಯೊಳಗಿನ ಹವಾಮಾನ! ಮನೆಯಲ್ಲೇ ಕೇಂದ್ರ ಕಟ್ಟಿಕೊಳ್ಳುವವರು ತೀರಾ ಸಾಮಾನ್ಯವಾಗಿ ಮಾಡುವ ತಪ್ಪು ಇದು. ಬೋರ್ಡಿಗೆ ಒಂದು ಡಬ್ಬಿ, ಸೆನ್ಸರಿಗೆ ಬೇರೆ ಗೂಡು, ನಡುವೆ ಕೇಬಲ್. ಇಷ್ಟು ಮಾಡಿದರೇ ಅರ್ಧ ಜ್ವರ ಇಳಿಯುತ್ತದೆ.

ಜಾಗ

ವಿಶ್ವ ಹವಾಮಾನ ಸಂಸ್ಥೆ ಜಾಗಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತದೆ. ಮೊದಲ ದರ್ಜೆ ಅಂದರೆ ಸಮತಟ್ಟಾದ ಬಯಲು, ಕೆಳಗೆ 10 ಸೆಂಟಿಮೀಟರಿಗಿಂತ ಗಿಡ್ಡ ಹುಲ್ಲು, ಕಟ್ಟಡ, ಕಾಂಕ್ರೀಟು, ಕೆರೆ ಇಂಥದ್ದೆಲ್ಲ 100 ಮೀಟರ್ ಆಚೆ. ಎರಡನೇ ದರ್ಜೆಗೆ 30 ಮೀಟರ್, ಮೂರನೆಯದಕ್ಕೆ 10 ಮೀಟರ್. ಕೊನೆಯ ದರ್ಜೆಯ ಜಾಗದಲ್ಲಿ ಲೆಕ್ಕ 5 ಡಿಗ್ರಿವರೆಗೂ ತಪ್ಪಬಹುದು. ನನ್ನ ಗೋಡೆ ಯಾವ ದರ್ಜೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ.

ನೆಲದ ವಿಷಯ ಸಣ್ಣದಲ್ಲ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರಲ್ಲಿ ದಾಖಲಾದ 58 ಡಿಗ್ರಿ 90 ವರ್ಷ ಜಗತ್ತಿನ ದಾಖಲೆಯಾಗಿತ್ತು. 2012ರಲ್ಲಿ ಅದನ್ನು ರದ್ದು ಮಾಡಿದರು. ಅಳೆದವನಿಗೆ ಅನುಭವ ಸಾಲದು ಅನ್ನುವುದು ಒಂದು ಕಾರಣ. ಉಪಕರಣದ ಕೆಳಗಿದ್ದ ನೆಲ ಡಾಂಬರಿನಂಥದ್ದು, ಸುತ್ತಲಿನ ಮರುಭೂಮಿಯ ಹಾಗಿರಲಿಲ್ಲ ಅನ್ನುವುದು ಇನ್ನೊಂದು.

ನಮ್ಮ ಮಲೆನಾಡಲ್ಲಿ 100 ಮೀಟರ್ ಬಯಲು ಹುಡುಕುವುದು ಸುಮ್ನೆ ಅಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತೋಟ, ನಡುವೆ ಮನೆ. ನನಗೆ ಕೊನೆಗೆ ಸಿಕ್ಕಿದ್ದು ಮನೆ ಮೇಲಿನ ಬ್ಯಾಣ. ಹುಲ್ಲುಗಾವಲು, ಗಾಳಿ ಚೆನ್ನಾಗಿ ಆಡುತ್ತದೆ. ಮರದಿಂದ ಎಷ್ಟು ದೂರ ಇರಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ: ಮರದ ಎತ್ತರದ ನಾಲ್ಕು ಪಟ್ಟು. ಅಡಿಕೆ ಮರ 15 ಮೀಟರ್ ಇದ್ದರೆ 60 ಮೀಟರ್. ಅಷ್ಟು ಸಿಗದಿದ್ದರೆ ಸಿಕ್ಕಷ್ಟು. ಆದರೆ ಎಷ್ಟು ಸಿಕ್ಕಿತು ಅಂತ ಬರೆದಿಡಿ. ಕೇಂದ್ರ ನಿಂತ ದಿನ ನಾಲ್ಕೂ ದಿಕ್ಕಿಗೆ ಒಂದೊಂದು ಫೋಟೋ ತೆಗೆದಿಟ್ಟರೆ ಹತ್ತು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತದೆ. ಪಕ್ಕದ ಗಿಡ ಮರವಾದದ್ದು ಯಾವಾಗ ಅಂತ ಆಗ ನೆನಪಿರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುವುದು ತೋಟದೊಳಗೆ, ಸೆನ್ಸರ್ ಮಾತ್ರ ಬ್ಯಾಣದಲ್ಲಿ ಯಾಕೆ? ನಿಮಗೆ ಬೇಕಾಗಿರುವುದು ಯಾವ ಉತ್ತರ ಅನ್ನುವುದರ ಮೇಲೆ ಹೋಗುತ್ತದೆ ಇದು. ನಿಮ್ಮ ಅಂಕಿಯನ್ನು ಪಕ್ಕದ ಹೋಬಳಿಯ ಅಂಕಿಯ ಜೊತೆ ಹೋಲಿಸಬೇಕು ಅಂದರೆ ಬಯಲೇ ಸರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ಪ್ರತಿ 15 ನಿಮಿಷಕ್ಕೆ ಅವು ಅಂಕಿ ಕಳಿಸುತ್ತವೆ. ಎಲ್ಲ ಕೇಂದ್ರಗಳೂ ಒಂದೇ ನಿಯಮಕ್ಕೆ ನಿಂತರೆ ಮಾತ್ರ ಅಂಥ ಜಾಲಕ್ಕೆ ಅರ್ಥ. ತೋಟದೊಳಗಿನ ತಂಪು, ತೇವ ತಿಳಿಯಬೇಕು ಅಂದರೆ ತೋಟದೊಳಗೇ ಇನ್ನೊಂದು ಸೆನ್ಸರ್ ಇಡಿ. ನಾನು ಎರಡೂ ಇಟ್ಟಿದ್ದೇನೆ. ಎರಡೂ ಸರಿ, ಆದರೆ ಒಂದರ ಅಂಕಿಯನ್ನು ಇನ್ನೊಂದರ ಹೆಸರಲ್ಲಿ ಹೇಳಬಾರದು.

ಗೂಡು

ಹವಾಮಾನ ಇಲಾಖೆಯ ಆವರಣದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ ನೋಡಿರುತ್ತೀರಿ. ಗೋಡೆಯೆಲ್ಲ ಕಿಟಕಿಯ ಲೂವರ್ ಹಾಗೆ ಓರೆ ಪಟ್ಟಿಗಳು. ಅದಕ್ಕೆ ಸ್ಟೀವನ್‌ಸನ್ ಸ್ಕ್ರೀನ್ ಅಂತ ಹೆಸರು. ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 1860ರ ದಶಕದಲ್ಲಿ ಕೊಟ್ಟ ವಿನ್ಯಾಸ. ಗಾಳಿ ಒಳಗೆ ಬರಬೇಕು, ಬಿಸಿಲು ಮತ್ತು ಮಳೆ ಬರಬಾರದು. ಇಷ್ಟೇ ಅದರ ಕೆಲಸ. ಒಳಗೆ ನಾಲ್ಕು ಥರ್ಮಾಮೀಟರು: ಒಣಗೋಳದ್ದು, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಒದ್ದೆಗೋಳದ್ದು, ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ತೋರಿಸುವ ಇನ್ನೆರಡು.

ಈಗಿನ ಸ್ವಯಂಚಾಲಿತ ಕೇಂದ್ರಗಳಲ್ಲಿ ಪೆಟ್ಟಿಗೆಯ ಬದಲು ಬಿಳಿ ತಟ್ಟೆಗಳ ಗೂಡು ಇರುತ್ತದೆ. ಇಡ್ಲಿ ಸ್ಟ್ಯಾಂಡನ್ನು ಬೋರಲು ಹಾಕಿದ ಹಾಗೆ. ಒಂದು ತಟ್ಟೆಗೂ ಇನ್ನೊಂದಕ್ಕೂ ನಡುವೆ ಸಂದು, ಆದರೆ ಯಾವ ಕೋನದಿಂದ ಇಣುಕಿದರೂ ಒಳಗಿನ ಸೆನ್ಸರ್ ಕಾಣುವುದಿಲ್ಲ. ಗೂಡು ಕೊಳ್ಳುವಾಗ ನಾನು ಮಾಡುವ ಪರೀಕ್ಷೆ ಇದೇ. ಕಣ್ಣಿಗೆ ಸೆನ್ಸರ್ ಕಂಡರೆ ಸೂರ್ಯನಿಗೂ ಕಾಣುತ್ತದೆ. ಕೆಳಗಿನಿಂದಲೂ ಇಣುಕಿ ನೋಡಬೇಕು, ಯಾಕೆಂದರೆ ನೆಲದಿಂದ ಎಗರುವ ಬಿಸಿಲೂ ಬಿಸಿಲೇ.

ಗೂಡಿಗೂ ಒಂದು ದೌರ್ಬಲ್ಯ ಇದೆ. ಅದು ಗಾಳಿಯನ್ನು ನಂಬಿಕೊಂಡಿರುತ್ತದೆ. ಎಲೆ ಅಲ್ಲಾಡದ ಬಿರುಬಿಸಿಲಿನ ಮಧ್ಯಾಹ್ನ ತಟ್ಟೆಗಳೇ ಕಾದು, ಒಳಗಿನ ಗಾಳಿ ಹೊರಗಿನದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿ ಬಿಸಿಯಾಗಬಹುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಇದರ ಉಲ್ಟಾ. ತಟ್ಟೆಗಳು ಆಕಾಶಕ್ಕೆ ಬಿಸಿ ಕಳೆದುಕೊಂಡು ಗಾಳಿಗಿಂತ ತಣ್ಣಗಾಗುತ್ತವೆ, ಸೆನ್ಸರ್ ಕಡಿಮೆ ಹೇಳುತ್ತದೆ. ಇದಕ್ಕೆ ಪರಿಹಾರ ಸಣ್ಣ ಫ್ಯಾನು. ಒಳಗೆ ಸದಾ ಗಾಳಿ ಎಳೆಯುವ ಗೂಡುಗಳು ಸಿಗುತ್ತವೆ. ಆದರೆ ಫ್ಯಾನಿಗೆ ಕರೆಂಟು ಬೇಕು, ಅದು ಕೆಟ್ಟು ನಿಂತರೆ ಮೊದಲಿಗಿಂತ ಕೆಟ್ಟ ಲೆಕ್ಕ ಬರುತ್ತದೆ. ಹಳ್ಳಿ ಮನೆಯಲ್ಲಿ ಫ್ಯಾನಿಲ್ಲದ ಒಳ್ಳೆಯ ಗೂಡೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಪೈಪಿನ ತುಂಡು, ಐಸ್‌ಕ್ರೀಂ ಡಬ್ಬಿ ಇವೆಲ್ಲ ಮಾತ್ರ ಬೇಡ. ನಾನು ಎರಡನ್ನೂ ಮಾಡಿ ನೋಡಿದವನು.

ಎತ್ತರ 1.25 ಮೀಟರಿನಿಂದ 2 ಮೀಟರಿನ ಒಳಗೆ. ನೆಲದ ಹತ್ತಿರ ಹಗಲು ವಿಪರೀತ ಬಿಸಿ, ರಾತ್ರಿ ವಿಪರೀತ ತಂಪು. ಮೇಲೆ ಹೋದಷ್ಟೂ ಅದು ಕಡಿಮೆಯಾಗುತ್ತದೆ. ಎಲ್ಲರೂ ಒಂದೇ ಎತ್ತರದಲ್ಲಿ ಅಳೆದರೆ ಮಾತ್ರ ಹೋಲಿಕೆ ಸಾಧ್ಯ. ಆರ್‌ಸಿಸಿ ತಾರಸಿಯ ಮೇಲೆ ಕಂಬ ನೆಟ್ಟು "ನೆಲದಿಂದ ಎತ್ತರದಲ್ಲಿದೆ" ಅನ್ನುವುದು ನಡೆಯುವುದಿಲ್ಲ. ತಾರಸಿಯೇ ಅಲ್ಲಿ ನೆಲ, ಅದೂ ಕಾದ ನೆಲ.

ಪೆಟ್ಟಿಗೆಯ ಬಾಗಿಲು ಉತ್ತರಕ್ಕಿರಬೇಕು ಅಂತ ಪಠ್ಯಪುಸ್ತಕ ಹೇಳುತ್ತದೆ. ಬಾಗಿಲು ತೆರೆದಾಗ ಬಿಸಿಲು ಒಳಗೆ ಬೀಳದಿರಲಿ ಅಂತ. ಆದರೆ ನಮ್ಮ ಕರ್ನಾಟಕದಲ್ಲಿ ಒಂದು ತಿರುವು ಇದೆ. ತೀರ್ಥಹಳ್ಳಿಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಅಷ್ಟು ದಿನ ಉತ್ತರದ ಬಾಗಿಲಿಗೂ ಬಿಸಿಲು ಬರುತ್ತದೆ. ಅದಕ್ಕೇ ಉಷ್ಣವಲಯದಲ್ಲಿ ಎರಡು ಬಾಗಿಲಿನ ಪೆಟ್ಟಿಗೆ ಇಡುವುದೂ ಉಂಟು. ತಟ್ಟೆ ಗೂಡಿಗೆ ಈ ರಗಳೆ ಇಲ್ಲ.

ತೇವಾಂಶ ಅನ್ನುವ ತಲೆನೋವು

ಉಷ್ಣಾಂಶ ತಪ್ಪಿದರೆ ತೇವಾಂಶವೂ ತಪ್ಪುತ್ತದೆ. ಬಹಳ ಜನ ಇದನ್ನು ಬೇರೆ ಬೇರೆ ಅಂದುಕೊಳ್ಳುತ್ತಾರೆ.

ಸೆನ್ಸರ್ ತೋರಿಸುವ ಶೇಕಡಾ ಲೆಕ್ಕ ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಹೇಳುವುದಿಲ್ಲ. ಆ ಬಿಸಿಯಲ್ಲಿ ಎಷ್ಟು ನೀರಾವಿ ಇರಲು ಸಾಧ್ಯವೋ ಅದರಲ್ಲಿ ಎಷ್ಟು ಪಾಲು ಇದೆ ಅಂತ ಹೇಳುತ್ತದೆ. ಒಂದು ಘನ ಮೀಟರ್ ಜಾಗದಲ್ಲಿ 20 ಡಿಗ್ರಿಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಹುದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ನೀರು ಅಷ್ಟೇ, ಪಾತ್ರೆ ದೊಡ್ಡದಾದ ಹಾಗೆ. ಬೆಳಗಿನ ಜಾವ 20 ಡಿಗ್ರಿ, ಮಂಜು ಕವಿದು ತೇವಾಂಶ 100 ಇದ್ದ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಕಾದರೆ 55ರ ಆಸುಪಾಸಿಗೆ ಇಳಿಯುತ್ತದೆ. ಒಂದು ಹನಿ ನೀರೂ ಎಲ್ಲಿಗೂ ಹೋಗಿಲ್ಲ.

ಈಗ ಜ್ವರದ ಮಾತಿಗೆ ಬನ್ನಿ. ಗೂಡಿನೊಳಗಿನ ಗಾಳಿ ಹೊರಗಿನದಕ್ಕಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾದರೆ, ನಿಜವಾಗಿ 95 ಇರುವ ತೇವಾಂಶವನ್ನು ಸೆನ್ಸರ್ 90ರ ಹತ್ತಿರ ತೋರಿಸುತ್ತದೆ. ಸೆನ್ಸರಿನ ಪ್ಯಾಕೆಟ್ ಮೇಲೆ "ಶೇ 2ರಷ್ಟು ಮಾತ್ರ ವ್ಯತ್ಯಾಸ" ಅಂತ ಬರೆದಿರಬಹುದು. ಅದು ಕಾರ್ಖಾನೆಯ ಮಾತು. ಕೆಟ್ಟ ಗೂಡು ಅದಕ್ಕಿಂತ ದೊಡ್ಡ ತಪ್ಪನ್ನು ಒಂದೇ ಏಟಿಗೆ ತರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ದಿನ ನೋಡುವವರಿಗೆ 95ಕ್ಕೂ 90ಕ್ಕೂ ಬಹಳ ವ್ಯತ್ಯಾಸ ಇದೆ.

ಹಳೆಯ ಕಾಲದಲ್ಲಿ ತೇವಾಂಶ ಅಳೆಯುತ್ತಿದ್ದದ್ದು ಎರಡು ಥರ್ಮಾಮೀಟರಿನಿಂದ. ಒಂದರ ಬುಡಕ್ಕೆ ಒದ್ದೆ ಮಸ್ಲಿನ್ ಬಟ್ಟೆ. ನೀರು ಆರುವಾಗ ಅದು ತಣ್ಣಗಾಗುತ್ತದೆ, ಮಣ್ಣಿನ ಹೂಜಿಯ ನೀರು ತಂಪಾದ ಹಾಗೆ. ಗಾಳಿ ಒಣಗಿದ್ದಷ್ಟೂ ಎರಡರ ನಡುವೆ ಅಂತರ ಜಾಸ್ತಿ. ಈಗಿನ ಸೆನ್ಸರಿನೊಳಗೆ ತೆಳ್ಳಗಿನ ಪಾಲಿಮರ್ ಪದರ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಂಡರೆ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಅದನ್ನು ಶೇಕಡಾ ಲೆಕ್ಕಕ್ಕೆ ತಿರುಗಿಸುತ್ತಾರೆ. ಈ ಪದರ ಬಹಳ ನಾಜೂಕು. ಬೆರಳು ತಾಗಿಸಬಾರದು. ಹುಳಿ ವಾಸನೆ ಬರುವ ಸಿಲಿಕೋನ್ ಗೋಂದನ್ನು ಅದರ ಹತ್ತಿರ ಬಳಸಬಾರದು. ತೋಟಕ್ಕೆ ಔಷಧಿ ಹೊಡೆಯುವ ದಿನ ಗೂಡಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿ, ಮುಗಿದ ಮೇಲೆ ತೆಗೆಯುವುದು ಒಳ್ಳೆಯದು. ತೆಗೆಯಲು ಮರೆಯಬಾರದು ಅಷ್ಟೆ. ನಾನು ಒಮ್ಮೆ ಮರೆತು, ಎರಡು ದಿನ ಚೀಲದೊಳಗಿನ ಹವಾಮಾನ ದಾಖಲಿಸಿದ್ದೆ.

ಇನ್ನೊಂದು ಮಾತು. ಆಷಾಢದಲ್ಲಿ ದಿನಗಟ್ಟಲೆ 100 ತೋರಿಸುತ್ತಾ ಕೂತರೆ ಸೆನ್ಸರ್ ಕೆಟ್ಟಿತು ಅಂತ ತಕ್ಷಣ ತೀರ್ಮಾನಿಸಬೇಡಿ. ಮೇಲಿನ ಫಿಲ್ಟರ್ ಟೋಪಿಯಲ್ಲಿ ನೀರು ಕೂತಿರಬಹುದು. ಒಣಗಿದ ಮೇಲೂ ಹಾಗೇ ಇದ್ದರೆ ಆಗ ಚಿಂತೆ ಮಾಡಿ. ಹೆಚ್ಚು ಕಾಲ ತೇವದಲ್ಲೇ ಇದ್ದ ಪದರ ನಿಧಾನಕ್ಕೆ ಜಾಸ್ತಿ ಜಾಸ್ತಿ ಹೇಳತೊಡಗುವುದು ಇಂಥ ಸೆನ್ಸರುಗಳ ಗುಣ.

ತಂತಿ ಮತ್ತು ಸಿಡಿಲು

ದೊಡ್ಡ ಕೇಂದ್ರಗಳಲ್ಲಿ ಉಷ್ಣಾಂಶಕ್ಕೆ ಪಿಟಿ-100 ಬಳಸುತ್ತಾರೆ. ಪ್ಲಾಟಿನಂ ತಂತಿ, 0 ಡಿಗ್ರಿಯಲ್ಲಿ 100 ಓಮ್ ಪ್ರತಿರೋಧ, ಒಂದೊಂದು ಡಿಗ್ರಿಗೆ ಸುಮಾರು 0.385 ಓಮ್ ಏರುತ್ತದೆ. ಇಲ್ಲಿ ಸಣ್ಣ ಲೆಕ್ಕ ಮಾಡೋಣ. ಸೆನ್ಸರಿನಿಂದ ಅಂಕಿ ದಾಖಲಿಸುವ ಪೆಟ್ಟಿಗೆಗೆ, ಅಂದರೆ ಲಾಗರಿಗೆ, 20 ಮೀಟರ್ ದೂರ. ಹೋಗಿ ಬರಲು 40 ಮೀಟರ್ ತಾಮ್ರದ ತಂತಿ. ಅರ್ಧ ಚದರ ಮಿಲಿಮೀಟರ್ ದಪ್ಪದ್ದಾದರೆ ಆ ತಂತಿಗೇ ಸುಮಾರು 1.4 ಓಮ್ ಇರುತ್ತದೆ. ಅಂದರೆ ಏನೂ ಇಲ್ಲದೆ ಮೂರೂವರೆ ಡಿಗ್ರಿಗೂ ಜಾಸ್ತಿ ಜ್ವರ! ಅದಕ್ಕೇ ನಾಲ್ಕು ತಂತಿಯ ಜೋಡಣೆ. ಎರಡು ತಂತಿ ಕರೆಂಟು ಒಯ್ಯುತ್ತವೆ, ಇನ್ನೆರಡು ಸೆನ್ಸರಿನ ಎರಡು ತುದಿಯ ವೋಲ್ಟೇಜ್ ನೋಡಿ ಬರುತ್ತವೆ. ಆಗ ತಂತಿಯ ಪ್ರತಿರೋಧ ಲೆಕ್ಕದಿಂದ ಹೊರಗೆ ಹೋಗುತ್ತದೆ. ಕೇಬಲ್ಲಿಗೆ ದುಡ್ಡು ಉಳಿಸಲು ಹೋಗಿ ಎರಡೇ ತಂತಿ ಎಳೆದು, ಆಮೇಲೆ ಸೆನ್ಸರನ್ನು ಬೈಯುವುದು ಸರಿಯಲ್ಲ.

ಎಸ್‌ಎಚ್‌ಟಿ31ರಂಥ ಚಿಕ್ಕ ಡಿಜಿಟಲ್ ಸೆನ್ಸರುಗಳಿಗೆ ಈ ತೊಂದರೆ ಇಲ್ಲ, ಬೇರೆ ಇದೆ. ಬೋರ್ಡಿನ ಜೊತೆ ಅವು ಮಾತಾಡುವ ಐ-ಸ್ಕ್ವೇರ್-ಸಿ ತಂತಿ ಒಂದೆರಡು ಮೀಟರ್ ದಾಟಿದರೆ ಮಾತು ತೊದಲುತ್ತದೆ. ದೂರ ಒಯ್ಯಬೇಕಾದರೆ ಆರ್‌ಎಸ್-485 ಮಾದರಿಯ ಸೆನ್ಸರ್ ಕೊಳ್ಳಿ.

ಕೇಬಲ್ ಡಬ್ಬಿಯೊಳಗೆ ಹೋಗುವುದು ಯಾವಾಗಲೂ ಕೆಳಗಿನಿಂದ, ನೀರು ನುಗ್ಗದ ಹಾಗೆ ತಂತಿಯನ್ನು ಬಿಗಿಹಿಡಿಯುವ ಕೇಬಲ್ ಗ್ಲ್ಯಾಂಡ್ ಮೂಲಕ. ಅದಕ್ಕೆ ಮೊದಲು ಸ್ವಲ್ಪ ಜೋಲು ಬಿಟ್ಟಿರಬೇಕು. ಮಳೆ ನೀರು ತಂತಿಗುಂಟ ಇಳಿದು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಡಬ್ಬಿಯೊಳಗೆ ಹೋಗುವುದಿಲ್ಲ. ನೆಲದಲ್ಲಿ ಹೋಗುವ ಕೇಬಲ್ಲಿಗೆ ಪೈಪು ಹಾಕಿ, ಇಲ್ಲದಿದ್ದರೆ ಹೆಗ್ಗಣಕ್ಕೆ ಊಟ. ಕಂಬಕ್ಕೆ ಅರ್ಥಿಂಗ್ ಮಾಡಿಸಲೇಬೇಕು. ಬ್ಯಾಣದ ನಡುವೆ ಒಂಟಿಯಾಗಿ ನಿಂತ ಜಿಐ ಪೈಪನ್ನು ಏಪ್ರಿಲ್ ತಿಂಗಳ ಸಿಡಿಲು ಬಿಡುವುದಿಲ್ಲ. ಸುತ್ತ ಬೇಲಿಯೂ ಬೇಕು. ದನಕ್ಕೆ ಮೈ ತಿಕ್ಕಿಕೊಳ್ಳಲು ಕಂಬ ಸಿಕ್ಕರೆ ಬಹಳ ಖುಷಿ. ಮಂಗಗಳಿಗೆ ಮಾತ್ರ ನನ್ನ ಬಳಿ ಉಪಾಯ ಇಲ್ಲ.

ಉಪ್ಪಿನ ಡಬ್ಬಿ

ಎಲ್ಲ ಕೂರಿಸುವ ಮೊದಲು ಸೆನ್ಸರ್ ಸತ್ಯ ಹೇಳುತ್ತದೆಯೇ ನೋಡಬೇಕಲ್ಲ. ನೀರು ನಿರೋಧಕ ಉಷ್ಣಾಂಶ ಸೆನ್ಸರ್ ಆದರೆ ಸುಲಭ. ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಸೇರಿಸಿ, ಥರ್ಮಾಸ್‌ನಲ್ಲಿ ಕಲಕಿ, ಸೆನ್ಸರ್ ಇಳಿಬಿಡಿ. 0 ಬರಬೇಕು.

ತೇವಾಂಶಕ್ಕೆ ಅಡುಗೆಮನೆಗೆ ಹೋಗಿ. ಶುದ್ಧ ಪುಡಿ ಉಪ್ಪಿಗೆ ಕೆಲವು ಚಮಚ ನೀರು ಹಾಕಿ ಒದ್ದೆ ಮರಳಿನ ಹಾಗೆ ಮಾಡಿ. ಪೂರ್ತಿ ಕರಗಬಾರದು. ಅದನ್ನು ಒಂದು ಮುಚ್ಚಳದಲ್ಲಿಟ್ಟು, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಉಪ್ಪು ಸೆನ್ಸರಿಗೆ ತಾಗಬಾರದು. ಡಬ್ಬಿ ಬಿಸಿಲಿಗೂ ಫ್ಯಾನಿಗೂ ಸಿಗದ ಕಡೆ ಒಂದು ರಾತ್ರಿ ಇರಲಿ. ಬೆಳಿಗ್ಗೆ 75 ತೋರಿಸಬೇಕು. ನಮ್ಮ ಮನೆಯಷ್ಟು ತಾಪದಲ್ಲಿ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಹೆಚ್ಚುಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಉಪ್ಪು ನೀರೊಡೆಯುವುದೂ ಇದಕ್ಕೇ. ಹೊರಗಿನ ತೇವಾಂಶ 75 ದಾಟಿದರೆ ಉಪ್ಪು ನೀರು ಎಳೆದುಕೊಳ್ಳುತ್ತದೆ. ಕಲ್ಲುಪ್ಪು ಈ ಪರೀಕ್ಷೆಗೆ ಬೇಡ. ಅದರಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಬೆರೆತಿರುತ್ತದೆ, ಅದು ಇನ್ನೂ ಬೇಗ ನೀರೆಳೆಯುತ್ತದೆ. ಮೆಗ್ನೀಷಿಯಂ ಕ್ಲೋರೈಡನ್ನೇ ಬೇರೆಯಾಗಿ ತಂದು ಇದೇ ರೀತಿ ಮಾಡಿದರೆ 33 ಬರಬೇಕು. ಎರಡು ಕಡೆ ಪರೀಕ್ಷಿಸಿದರೆ ಸೆನ್ಸರ್ ಎಲ್ಲ ಕಡೆ ಒಂದೇ ಅಳತೆಯಲ್ಲಿ ತಪ್ಪುತ್ತದೆಯೋ, ಮೇಲೆ ಹೋದ ಹಾಗೆ ಜಾಸ್ತಿ ತಪ್ಪುತ್ತದೆಯೋ ಗೊತ್ತಾಗುತ್ತದೆ.

ನನ್ನ ಮೊದಲ ಸೆನ್ಸರ್, ಅಗ್ಗದ ಡಿಎಚ್‌ಟಿ22, ಉಪ್ಪಿನ ಡಬ್ಬಿಯಲ್ಲಿ 81 ತೋರಿಸಿತು. ಈಗ ಅದು ಅಟ್ಟದ ಮೇಲೆ ಅಡಿಕೆ ಮೂಟೆಗಳ ನಡುವೆ ಇದೆ. ಅಲ್ಲಿಗೆ ಆರು ಕಳೆದು ಓದಿಕೊಂಡರೆ ಸಾಕಾಗುತ್ತದೆ.

ಆಮೇಲಿನ ಕೆಲಸ ದೊಡ್ಡದಲ್ಲ, ತಪ್ಪಿಸಬಾರದು ಅಷ್ಟೆ. ತಟ್ಟೆಗಳ ಮೇಲೆ ಧೂಳು, ಪಾಚಿ ಹಿಡಿದರೆ ಬಿಳಿ ಬಣ್ಣ ಮಾಸಿ ಬಿಸಿಲು ಹೀರುತ್ತದೆ. ಮಳೆಗಾಲದ ಮೊದಲು ಮತ್ತು ನಂತರ ಒಮ್ಮೆ ಮೆತ್ತಗಿನ ಬಟ್ಟೆಯಲ್ಲಿ ತೊಳೆಯುತ್ತೇನೆ. ಸೆನ್ಸರ್ ಮಾತ್ರ ತೊಳೆಯುವುದಿಲ್ಲ. ವರ್ಷಕ್ಕೊಮ್ಮೆ ಉಪ್ಪಿನ ಡಬ್ಬಿ. ಹೊಸ ಸೆನ್ಸರ್ ತಂದರೆ ಹಳೆಯದನ್ನು ಕೂಡಲೇ ಕೀಳುವುದಿಲ್ಲ, ಕೆಲವು ವಾರ ಎರಡೂ ಅಕ್ಕಪಕ್ಕ ನಡೆಯುತ್ತವೆ. ಬ್ಯಾಣದ ಗೂಡಿನ ಹತ್ತಿರ ಒಂದು ನೋಟ್‌ಬುಕ್ ಇದೆ. ಏನು ಮುಟ್ಟಿದರೂ ಅದರಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ಕಳೆದ ಸಲದ ಬರಹ ಹೀಗಿದೆ: "ಮೂರು ದಿನದಿಂದ ಮಧ್ಯಾಹ್ನ ತೋಟದ ಸೆನ್ಸರಿಗಿಂತ 4 ಡಿಗ್ರಿ ಜಾಸ್ತಿ. ಯಾವಾಗಲೂ ಎರಡು ಇರುತ್ತಿತ್ತು. ಗೂಡು ಬಿಚ್ಚಿದೆ. ಮೂರು ತಟ್ಟೆಗಳ ಸಂದಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗಾಳಿ ಕಟ್ಟಿಹಾಕಿತ್ತು. ತೆಗೆದೆ. ಸಂಜೆಗೆ ಮತ್ತೆ ಎರಡು."